ಪ್ಲಾಸ್ಟಿಕ್ ಪಿಸ್ತೂಲಿನ ಒಳಗಿನ ಉಕ್ಕು

1990ರಲ್ಲಿ ತೆರೆಕಂಡ ‘ಡೈ ಹಾರ್ಡ್ 2’ ಸಿನಿಮಾದಲ್ಲಿ ನಾಯಕ ವಿಮಾನ ನಿಲ್ದಾಣದ ಪೊಲೀಸ್ ಅಧಿಕಾರಿಗೆ ಒಂದು ಪಾಠ ಹೇಳುತ್ತಾನೆ. ಖಳರ ಕೈಯಲ್ಲಿರುವುದು ಗ್ಲಾಕ್ 7, ಪಿಂಗಾಣಿಯಲ್ಲಿ ಮಾಡಿದ್ದು, ಜರ್ಮನಿಯದ್ದು, ಎಕ್ಸ್-ರೇ ಯಂತ್ರಕ್ಕೆ ಕಾಣದ್ದು ಎಂದು. ನಾಲ್ಕು ಮಾತು, ನಾಲ್ಕೂ ತಪ್ಪು. ಗ್ಲಾಕ್ 7 ಎಂಬ ಮಾದರಿ ಹುಟ್ಟಲೇ ಇಲ್ಲ. ಗ್ಲಾಕ್ ಕಂಪನಿ ಆಸ್ಟ್ರಿಯಾದ್ದು. ಪಿಂಗಾಣಿಯ ಚೂರೂ ಅದರಲ್ಲಿಲ್ಲ. ಎಕ್ಸ್-ರೇ ಪರದೆಯ ಮೇಲೆ ಅದು ಎಲ್ಲ ಪಿಸ್ತೂಲಿನ ಹಾಗೆ ಪಿಸ್ತೂಲಾಗಿಯೇ ಕಾಣುತ್ತದೆ.

ಸಂಭಾಷಣೆ ಬರೆದವರನ್ನು ಪೂರ್ತಿ ದೂರುವಂತೆಯೂ ಇಲ್ಲ. 1986ರಲ್ಲಿ ಅಮೆರಿಕದ ಹೆಸರಾಂತ ಅಂಕಣಕಾರ ಜ್ಯಾಕ್ ಆಂಡರ್ಸನ್, ಲಿಬಿಯಾದ ಗಡಾಫಿ ಗ್ಲಾಕಿನ ಪ್ಲಾಸ್ಟಿಕ್ ಪಿಸ್ತೂಲುಗಳ ಮೇಲೆ ಕಣ್ಣಿಟ್ಟಿದ್ದಾನೆಂದು ಬರೆದು ಗುಲ್ಲೆಬ್ಬಿಸಿದ್ದರು. ಗುಲ್ಲು ಸಂಸತ್ತು ಮುಟ್ಟಿತು. 1988ರಲ್ಲಿ ಕಾನೂನೇ ಬಂತು: ಯಾವ ಬಂದೂಕಾದರೂ ಲೋಹಶೋಧಕಕ್ಕೆ ಕನಿಷ್ಠ 3.7 ಔನ್ಸ್, ಅಂದರೆ ಸುಮಾರು 105 ಗ್ರಾಂ ಉಕ್ಕಿನಷ್ಟಾದರೂ ಸಿಗಬೇಕು. ಗ್ಲಾಕ್ 17ರಲ್ಲಿ ಮೇಲೆ ಹಿಂದೆ ಮುಂದೆ ಓಡಾಡುವ ಸ್ಲೈಡ್ ಒಂದನ್ನೇ ತಕ್ಕಡಿಗೆ ಹಾಕಿದರೂ ಆ ಮಿತಿಯ ಮೂರು ಪಟ್ಟು ತೂಗುತ್ತದೆ. ಕಾನೂನು ತನ್ನ ಪಾಡಿಗೆ ಪುಸ್ತಕದಲ್ಲಿ ಕೂತಿತು, ಗ್ಲಾಕ್ ತನ್ನ ಪಾಡಿಗೆ ಮಾರಾಟವಾಯಿತು.

ತೂಕದ ಲೆಕ್ಕ ಹಿಡಿದರೆ ಗ್ಲಾಕ್ 17ರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಉಕ್ಕೇ. ಪ್ಲಾಸ್ಟಿಕ್ ಇರುವುದು ಮುಖ್ಯವಾಗಿ ಫ್ರೇಮಿನಲ್ಲಿ, ಅಂದರೆ ಕೈಹಿಡಿ, ಟ್ರಿಗರ್ ಸುತ್ತಿನ ಕಮಾನು, ಸ್ಲೈಡ್ ಕೂರುವ ತಳ ಇವೆಲ್ಲ ಒಂದಾಗಿರುವ ಕೆಳಭಾಗದಲ್ಲಿ. ಆದ್ದರಿಂದ ಈ ಪಿಸ್ತೂಲುಗಳ ವಿಷಯದಲ್ಲಿ ಪ್ಲಾಸ್ಟಿಕ್ ಯಾವುದು, ಎಷ್ಟು ಗಟ್ಟಿ ಎಂದು ಕೇಳುತ್ತ ಕೂತರೆ ವಿಷಯ ಕೈಗೆ ಹತ್ತುವುದಿಲ್ಲ. ಕೇಳಬೇಕಾದ್ದು, ಉಳಿದ ಉಕ್ಕನ್ನು ಎಲ್ಲಿಟ್ಟರು ಎಂದು. ಕಳೆದ ಐವತ್ತು ವರ್ಷದಲ್ಲಿ ಬಂದ ಪಾಲಿಮರ್, ಅಂದರೆ ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲುಗಳು ಒಂದರಿಂದ ಒಂದು ಬೇರೆಯಾಗುವುದು ಈ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ.

ಗುಂಡು ಹಾರಿದಾಗ ಫ್ರೇಮಿಗೆ ಬೀಳುವ ಪೆಟ್ಟು ಎಷ್ಟು? 9 ಎಂಎಂ ತೋಟಾ ಸಿಡಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ ಎರಡು ಸಾವಿರ ಪಟ್ಟಿಗೂ ಮೀರಬಹುದು. ಕೇಳಿದರೆ ಪ್ಲಾಸ್ಟಿಕ್ ಚೂರುಚೂರಾಗಬೇಕು ಅನಿಸುತ್ತದೆ. ಆದರೆ ಆ ಒತ್ತಡವನ್ನು ತಡೆದುಕೊಳ್ಳುವವರು ಬ್ಯಾರೆಲ್ ಮತ್ತು ಸ್ಲೈಡ್, ಎರಡೂ ಉಕ್ಕಿನವು. ಸಿಡಿತದ ಕ್ಷಣದಲ್ಲಿ ಅವೆರಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಜೋಡಿಯಾಗಿ ಕೆಲವು ಮಿಲಿಮೀಟರ್ ಹಿಂದೆ ಸರಿದ ಮೇಲೆ ಬ್ಯಾರೆಲಿನ ಹಿಂತುದಿ ಕೆಳಗೆ ಬಾಗಿ ಬಿಡಿಸಿಕೊಳ್ಳುತ್ತದೆ, ಸ್ಲೈಡ್ ಒಂಟಿಯಾಗಿ ಹಿಂದಕ್ಕೆ ಹೋಗಿ ಖಾಲಿ ತೋಟಾ ಎಸೆದು ಸ್ಪ್ರಿಂಗಿನ ಬಲಕ್ಕೆ ಮುಂದೆ ಬರುತ್ತದೆ. ಇಷ್ಟರಲ್ಲಿ ಗುಂಡು ಬ್ಯಾರೆಲ್ ಬಿಟ್ಟು ಆಗಿದೆ, ಒತ್ತಡ ಇಳಿದಿದೆ. ಫ್ರೇಮಿಗೆ ಉಳಿಯುವುದು ಸ್ಲೈಡಿಗೆ ದಾರಿ ತೋರಿಸುವ ಕೆಲಸ, ಬ್ಯಾರೆಲ್ ಬಾಗುವಾಗ ಕೊಡುವ ತಳ್ಳನ್ನು ತಾಳುವ ಕೆಲಸ, ಟ್ರಿಗರಿನ ಸಾಮಾನುಗಳನ್ನು ಅಲ್ಲಾಡದಂತೆ ಹಿಡಿಯುವ ಕೆಲಸ. ದಶಕಗಟ್ಟಲೆ ಇದಕ್ಕೆಲ್ಲ ಲೋಹ ಬಳಸಿದ್ದು, ಲೋಹವೇ ಬೇಕಿತ್ತು ಎಂದಲ್ಲ, ಬೇರೇನೂ ಇರಲಿಲ್ಲ ಎಂದು.

ಬೇರೆಯದು ಬಂದದ್ದು ರಸಾಯನ ಪ್ರಯೋಗಾಲಯದಿಂದ. ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ತಂಡ 1935ರಲ್ಲಿ ನೈಲಾನ್ ಕಂಡುಹಿಡಿಯಿತು. ಕಾಲುಚೀಲ, ಪ್ಯಾರಾಚೂಟ್ ಆದ ಮೇಲೆ 1959ರಲ್ಲಿ ಅದೇ ನೈಲಾನ್ ಬಂದೂಕಿಗೂ ಬಂತು. ರೆಮಿಂಗ್ಟನ್ ಕಂಪನಿಯ ‘ನೈಲಾನ್ 66’ ರೈಫಲಿಗೆ ಮರದ ಹಿಡಿಯೇ ಇರಲಿಲ್ಲ. ಬಂದೂಕು ಪ್ರಿಯರು ಮೂಗು ಮುರಿದರು. ಕಂಪನಿ ತನ್ನ ಪ್ರತಿನಿಧಿ ಟಾಮ್ ಫ್ರೈಯನ್ನು ಕೂರಿಸಿ, ಗಾಳಿಯಲ್ಲಿ ಎಸೆದ 1,00,010 ಮರದ ತುಂಡುಗಳಿಗೆ ಗುರಿಯಿಡಿಸಿತು. ತಪ್ಪಿದ್ದು ಆರು. ಮೂಗು ಮುರಿದವರೂ ಕೊಂಡರು, ಹತ್ತು ಲಕ್ಷಕ್ಕೂ ಮಿಕ್ಕಿ ರೈಫಲ್ ಮಾರಾಟವಾಯಿತು.

ಪಿಸ್ತೂಲಿನಲ್ಲಿ ಮೊದಲ ಹೆಜ್ಜೆ ಜರ್ಮನಿಯ ಹೆಕ್ಲರ್ ಆಂಡ್ ಕಾಖ್ ಕಂಪನಿಯದು. 1970ರ ವಿಪಿ70 ಹದಿನೆಂಟು ಗುಂಡು ಹಿಡಿಯುತ್ತಿತ್ತು. ಹಿಂದೆ ಭುಜದ ಹಿಡಿ ಸೇರಿಸಿದರೆ ಒಂದೇ ಸಲಕ್ಕೆ ಮೂರು ಹಾರಿಸುತ್ತಿತ್ತು. ಫ್ರೇಮ್ ಪ್ಲಾಸ್ಟಿಕ್, ಅದರೊಳಗೆ ಬ್ಯಾರೆಲ್ ಕೂರಲು ಉಕ್ಕಿನ ಗಟ್ಟಿ. ಕಾಲಕ್ಕಿಂತ ಮುಂದಿದ್ದ ಯಂತ್ರ, ಆದರೆ ಟ್ರಿಗರ್ ಎಳೆಯಲು ಬೆರಳಿಗೆ ಕಸರತ್ತು ಬೇಕಿತ್ತು. ಯಾರೂ ಅಷ್ಟಾಗಿ ಕೊಳ್ಳಲಿಲ್ಲ.

ಹನ್ನೆರಡು ವರ್ಷದ ಮೇಲೆ ಗೆದ್ದವನು ಬಂದೂಕಿನವನೇ ಅಲ್ಲ. ಗ್ಯಾಸ್ಟನ್ ಗ್ಲಾಕ್ ವಿಯೆನ್ನಾ ಪಕ್ಕದ ಡಾಯ್ಚ್-ವಾಗ್ರಾಮ್ ಎಂಬ ಊರಲ್ಲಿ ಪರದೆಯ ಸರಳು ಮಾಡುತ್ತಿದ್ದ ಎಂಜಿನಿಯರ್. ಸೇನೆಗೆ ಚಾಕು ಮಾಡಿಕೊಡುತ್ತಿದ್ದ, ಅದರ ಹಿಡಿ ಪ್ಲಾಸ್ಟಿಕ್ಕಿನದು. 1980ರಲ್ಲಿ ಆಸ್ಟ್ರಿಯಾದ ಸೇನೆ ಹೊಸ ಪಿಸ್ತೂಲು ಬೇಕೆಂದಾಗ ಅವನಿಗೆ ಐವತ್ತರ ಸನಿಹ ವಯಸ್ಸು, ಪಿಸ್ತೂಲು ವಿನ್ಯಾಸದ ಅನುಭವ ಶೂನ್ಯ. ಅದೇ ಅವನಿಗೆ ಒಳಿತಾಯಿತು ಎಂದು ನನ್ನ ಎಣಿಕೆ. ಬಂದೂಕು ಕಸುಬಿನವರಿಗೆ ಉಕ್ಕಿನ ಗಟ್ಟಿಯನ್ನು ಕೊರೆದು ಫ್ರೇಮ್ ತೆಗೆಯುವುದು ಗೊತ್ತಿತ್ತು. ಇವನಿಗೆ ಗೊತ್ತಿದ್ದದ್ದು ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ಯುವುದು. ತನಗೆ ಬರುವ ಕೆಲಸದಿಂದಲೇ ಪಿಸ್ತೂಲು ಮಾಡಿದ. 1982ರಲ್ಲಿ ಸೇನೆ ಅದನ್ನು ಪಿ80 ಎಂದು ಒಪ್ಪಿಕೊಂಡಿತು. ಜಗತ್ತಿಗೆ ಅದು ಗ್ಲಾಕ್ 17. ಹದಿನೇಳು ಬಂದದ್ದು ಅವನ ಹದಿನೇಳನೆಯ ಪೇಟೆಂಟಿನಿಂದ; ಮ್ಯಾಗಜಿನ್ನಿನಲ್ಲಿ ಹದಿನೇಳೇ ಗುಂಡು ಹಿಡಿಯುವುದು ಕಾಕತಾಳೀಯ. 2023ರ ಡಿಸೆಂಬರಿನಲ್ಲಿ, 94ರ ವಯಸ್ಸಿನಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ಅರ್ಧ ಜಗತ್ತಿನ ಪೊಲೀಸರ ಸೊಂಟದಲ್ಲಿ ಅವನ ಹೆಸರಿತ್ತು.

ಗ್ಲಾಕಿನ ಸ್ಲೈಡ್ ಕಳಚಿ ಫ್ರೇಮನ್ನು ಮೇಲಿನಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಖಾಲಿತನ. ಕಪ್ಪು ಪ್ಲಾಸ್ಟಿಕ್ಕಿನ ತೊಟ್ಟಿ, ನಡುವೆ ಉಕ್ಕಿನ ಒಂದು ಅಡ್ಡಗಟ್ಟಿ. ಬ್ಯಾರೆಲ್ ಬಾಗುವಾಗ ಬಂದು ತಾಗುವುದು ಈ ಗಟ್ಟಿಗೆ. ಇನ್ನು ಸ್ಲೈಡ್ ಓಡುವ ಹಳಿಗಳೆಲ್ಲಿ ಎಂದು ಹುಡುಕಬೇಕು. ಉಕ್ಕಿನ ಹಳೆಯ ಪಿಸ್ತೂಲಿನಲ್ಲಿ ಅವು ಫ್ರೇಮಿನುದ್ದಕ್ಕೂ ಇರುತ್ತವೆ. ಇಲ್ಲಿ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಪುಟ್ಟ ತಗಡಿನ ನಾಲಿಗೆಗಳು ಪ್ಲಾಸ್ಟಿಕ್ಕಿನಿಂದ ಹೊರಚಾಚಿವೆ, ಅಷ್ಟೆ. ಅವನ್ನು ಆಮೇಲೆ ಅಂಟಿಸಿದ್ದಲ್ಲ. ಅಚ್ಚಿನೊಳಗೆ ಉಕ್ಕಿನ ತುಂಡುಗಳನ್ನು ಮೊದಲೇ ಇಟ್ಟು ಸುತ್ತ ಕಾದ ಪ್ಲಾಸ್ಟಿಕ್ ಹರಿಸುತ್ತಾರೆ. ಮನೆಯ ಛಾವಣಿಗೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿಯುವ ಲೆಕ್ಕವೇ: ಎಳೆತಕ್ಕೆ ಕಬ್ಬಿಣ, ಆಕಾರಕ್ಕೆ ಕಾಂಕ್ರೀಟ್. ಸ್ಲೈಡ್ ಪ್ಲಾಸ್ಟಿಕ್ಕಿನ ಮೇಲೆ ಉಜ್ಜುವುದಿಲ್ಲ, ಈ ನಾಲ್ಕು ನಾಲಿಗೆಗಳ ಮೇಲೆ ತೇಲುತ್ತದೆ. ಉಜ್ಜುವ ಜಾಗ ಕಡಿಮೆ, ಮಣ್ಣು ಮರಳು ಸಿಕ್ಕಿಕೊಳ್ಳುವ ಜಾಗವೂ ಕಡಿಮೆ.

ಪ್ಲಾಸ್ಟಿಕ್ ಎಂದ ಕೂಡಲೆ ಬಕೆಟ್ಟು ನೆನಪಾಗುವುದು ಬೇಡ. ಇಂಥ ಫ್ರೇಮುಗಳಿಗೆ ಬಳಸುವುದು ನೈಲಾನ್ ಜಾತಿಯ ಪಾಲಿಮರು. ಅನೇಕರು ಅದಕ್ಕೆ ಗಾಜಿನ ಎಳೆ ಬೆರೆಸುತ್ತಾರೆ. ಬರೀ ನೈಲಾನಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಹೆಚ್ಚು, ನೂರಕ್ಕೆ ಮೂವತ್ತು ಪಾಲು ಗಾಜು ಬೆರೆತರೆ ನೀರಿನ 1.36 ಪಟ್ಟು. ಅಲ್ಯುಮಿನಿಯಂ 2.7 ಪಟ್ಟು, ಉಕ್ಕು 7.8 ಪಟ್ಟು. ಗ್ಲಾಕ್ 17 ಖಾಲಿಯಿದ್ದಾಗ ಸುಮಾರು 625 ಗ್ರಾಂ, ಉಕ್ಕಿನ ಕೋಲ್ಟ್ 1911 ಸುಮಾರು 1,100 ಗ್ರಾಂ ತೂಗುವುದು ಈ ಕಾರಣಕ್ಕೆ. ಪೀಣ್ಯದ ಮೋಲ್ಡಿಂಗ್ ಶೆಡ್ಡುಗಳಲ್ಲಿ ನೈಲಾನ್ ಜೊತೆ ಕೆಲಸ ಮಾಡಿದವರಿಗೆ ಇನ್ನೊಂದು ಸ್ವಭಾವ ಗೊತ್ತಿರುತ್ತದೆ: ಯಂತ್ರದಿಂದ ಆಗಷ್ಟೇ ಬಿದ್ದ ನೈಲಾನ್ ಪೆಡಸು, ಪೆಟ್ಟು ತಡೆಯದು. ಗಾಳಿಯ ತೇವ ಹೀರಿಕೊಂಡ ಮೇಲೆ ಮೆದುವಾಗಿ ಗಟ್ಟಿಮುಟ್ಟಾಗುತ್ತದೆ, ಜೊತೆಗೆ ಅಳತೆಯೂ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಳಿಯನ್ನು ಉಕ್ಕಿನಲ್ಲೇ ಮಾಡಬೇಕೆಂಬ ಹಟ ಬಂದದ್ದು ಇಂಥ ಗುಣಗಳಿಂದಲೂ ಹೌದು. ಹಿಡಿ ಕೂದಲೆಳೆ ಹಿಗ್ಗಿದರೆ ಕೈಗೆ ತಿಳಿಯದು, ಹಳಿ ಹಿಗ್ಗಿದರೆ ಸ್ಲೈಡ್ ನಿಲ್ಲುತ್ತದೆ.

ಉಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಹೂತಿಟ್ಟರೆ ಒಂದು ತೊಡಕು. ನಾಲಿಗೆ ಮುರಿದರೆ ಬೇರೆ ಹಾಕುವಂತಿಲ್ಲ, ಫ್ರೇಮೇ ಹೋದಂತೆ. 2001-02ರಲ್ಲಿ ತಯಾರಾದ ಕೆಲವು ಗ್ಲಾಕುಗಳಲ್ಲಿ ಹಿಂದಿನ ಹಳಿ ಮುರಿಯುವ ದೋಷ ಕಾಣಿಸಿಕೊಂಡಿತು. ಕಂಪನಿ ಇಡೀ ಫ್ರೇಮ್ ಬದಲಿಸಿಕೊಟ್ಟಿತು. ಆದರೆ ಅಮೆರಿಕದ ಕಾನೂನಿನ ಕಣ್ಣಲ್ಲಿ ಫ್ರೇಮೇ ಬಂದೂಕು. ನೋಂದಣಿ ಸಂಖ್ಯೆ ಕೊರೆದ ಉಕ್ಕಿನ ಬಿಲ್ಲೆ ಇರುವುದು ಆ ಪ್ಲಾಸ್ಟಿಕ್ಕಿನಲ್ಲೇ. ಫ್ರೇಮ್ ಬದಲಾದರೆ ಕಾಗದದ ಮೇಲೆ ಬಂದೂಕೇ ಬೇರೆ. ಹಾಗಾಗಿ ಹೊಸ ಫ್ರೇಮಿಗೆ ಹಳೆಯ ಸಂಖ್ಯೆಯನ್ನೇ ಕೊಟ್ಟು, ಮುಂದೆ ಒಂದು ‘1’ ಸೇರಿಸಿದರು.

ಈ ತೊಡಕನ್ನು ಬೇರೆಯವರು ಬೇರೆ ದಾರಿಯಲ್ಲಿ ದಾಟಿದರು. ಸ್ಮಿತ್ ಆಂಡ್ ವೆಸನ್ ಮೊದಲು 1994ರಲ್ಲಿ ‘ಸಿಗ್ಮಾ’ ತಂದಾಗ ಅದು ಗ್ಲಾಕನ್ನು ಎಷ್ಟು ಹೋಲುತ್ತಿತ್ತೆಂದರೆ ಗ್ಲಾಕ್ ಕೋರ್ಟಿಗೆ ಹೋಯಿತು, 1997ರಲ್ಲಿ ರಾಜಿಯಾಯಿತು. ಪಾಠ ಕಲಿತ ಕಂಪನಿ 2005ರಲ್ಲಿ ಎಂ ಆಂಡ್ ಪಿ ತಂದಿತು. ಇದರಲ್ಲಿ ಮುಂದಿನ ಹಳಿಗಳು ಬ್ಯಾರೆಲ್ ತಾಗುವ ಉಕ್ಕಿನ ಗಟ್ಟಿಯ ಅಂಗ, ಹಿಂದಿನವು ಟ್ರಿಗರ್ ಸಾಮಾನಿನ ಉಕ್ಕಿನ ಪೆಟ್ಟಿಗೆಯ ಅಂಗ. ಎರಡನ್ನೂ ಪಿನ್ನು ತಟ್ಟಿ ತೆಗೆಯಬಹುದು, ಬದಲಿಸಬಹುದು. 1999ರ ಆಸ್ಟ್ರಿಯಾದ ಸ್ಟೈಯರ್ ಎಂ ಇನ್ನೂ ಮುಂದೆ ಹೋಗಿತ್ತು. ಹಳಿ, ಟ್ರಿಗರ್ ಎಲ್ಲ ಸೇರಿದ ಒಂದೇ ಉಕ್ಕಿನ ಚಾಸಿ. ಪ್ಲಾಸ್ಟಿಕ್ ಅದರ ಮೇಲಿನ ಅಂಗಿ. ಫ್ಲಾರಿಡಾದ ಕೆಲ್-ಟೆಕ್ ಕಂಪನಿ 1995ರ ಪಿ-11ರಲ್ಲಿ ಅದೇ ಕೆಲಸವನ್ನು ಅಲ್ಯುಮಿನಿಯಮ್ಮಿನಿಂದ ಮಾಡಿಕೊಂಡಿತು, ಜೇಬಿಗೆ ಸೇರುವ ಪಿಸ್ತೂಲಿಗೆ ಅಷ್ಟು ಸಾಕಿತ್ತು.

ತದ್ವಿರುದ್ಧ ಹಾದಿ ಹಿಡಿದದ್ದು ಅಮೆರಿಕದ ರೂಗರ್. 1996ರ ಪಿ95ರಲ್ಲಿ ಉಕ್ಕಿನ ಹಳಿಯೇ ಇಲ್ಲ. ಉದ್ದ ಗಾಜಿನೆಳೆ ಬೆರೆಸಿದ ಗಟ್ಟಿ ಪಾಲಿಮರಿನಲ್ಲೇ ಹಳಿ ತೆಗೆದು, ಅದರ ಮೇಲೆ ಉಕ್ಕಿನ ಸ್ಲೈಡನ್ನು ಓಡಿಸಿದರು. ಪುಸ್ತಕದ ಪ್ರಕಾರ ಸವೆಯಬೇಕು. ಪಿ95 ಮಾತ್ರ ದುಡಿಮೆಗೆ ಅಂಜದ ಅಗ್ಗದ ಪಿಸ್ತೂಲೆಂದು ಹೆಸರು ಪಡೆಯಿತು. ದಪ್ಪ, ಒರಟು, ನೋಡಲು ಚೆಂದವಿಲ್ಲ. ಆದರೆ ಪಾಲಿಮರಿನ ಮೇಲೆ ಪೂರ್ಣ ನಂಬಿಕೆಯಿಟ್ಟವರು ಅವರೊಬ್ಬರೇ ಎನ್ನಬೇಕು. ಬೆಲ್ಜಿಯಂನ ಎಫ್‌ಎನ್ ಕಂಪನಿ ಫೈವ್-ಸೆವೆನ್ ಪಿಸ್ತೂಲಿನಲ್ಲಿ ಸ್ಲೈಡಿಗೂ ಪಾಲಿಮರ್ ಹೊದಿಸಿತು. ನೋಡಿದರೆ ಇಡೀ ಪಿಸ್ತೂಲು ಪ್ಲಾಸ್ಟಿಕ್ ಅನಿಸುತ್ತದೆ, ಹೊದಿಕೆಯಡಿ ಮಾತ್ರ ಉಕ್ಕು ಉಕ್ಕಾಗಿಯೇ ಇದೆ.

ಹೊರಗಿನ ಆಕಾರದ ಕಥೆಯೇ ಬೇರೆ. ಉಕ್ಕಿನ ಪಿಸ್ತೂಲಿನಲ್ಲಿ ಹಿಡಿಯ ಎರಡು ಬದಿಗೆ ಮರದ ಹಲಗೆ. ಕೈ ದೊಡ್ಡದೋ ಚಿಕ್ಕದೋ, ಹಲಗೆ ಬದಲಿಸಿಕೊಂಡರಾಯಿತು. ಫ್ರೇಮು ಹಿಡಿ ಎಲ್ಲ ಒಂದೇ ಅಚ್ಚಿನಿಂದ ಇಳಿದರೆ ಆ ಅನುಕೂಲವಿಲ್ಲ. 1990ರ ದಶಕದಲ್ಲಿ ಜರ್ಮನಿಯ ವಾಲ್ಥರ್ ಕಂಪನಿ ಪಿ99ರಲ್ಲಿ ಇದಕ್ಕೆ ದಾರಿ ಹುಡುಕಿತು. ಹಿಡಿಯ ಬೆನ್ನು ಮಾತ್ರ ಕಳಚಬಹುದು, ದಪ್ಪದ್ದೋ ತೆಳ್ಳಗಿನದ್ದೋ ಹಾಕಬಹುದು. 1997ರ ‘ಟುಮಾರೋ ನೆವರ್ ಡೈಸ್’ನಲ್ಲಿ ಜೇಮ್ಸ್ ಬಾಂಡ್ ತನ್ನ ಹಳೆಯ ಪಿಪಿಕೆ ಪಿಸ್ತೂಲು ಬಿಟ್ಟು ಇದನ್ನೇ ಹಿಡಿದ. ಹೆಕ್ಲರ್ ಆಂಡ್ ಕಾಖ್ 2014ರ ವಿಪಿ9ರಲ್ಲಿ ಬೆನ್ನಿನ ಜೊತೆ ಎರಡು ಪಕ್ಕೆಗಳನ್ನೂ ಬದಲಿಸುವಂತೆ ಮಾಡಿ ಇಪ್ಪತ್ತೇಳು ಬಗೆಯ ಹಿಡಿ ಕೊಟ್ಟಿತು. ಇಪ್ಪತ್ತೇಳನ್ನೂ ಯಾರು ಹಾಕಿ ನೋಡುತ್ತಾರೋ.

ಗ್ಲಾಕ್ ಮಾತ್ರ ಈ ವಿಷಯದಲ್ಲಿ ತಡವರಿಸಿತು. ಮೊದಲ ತಲೆಮಾರಿನ ಹಿಡಿ ಸಣ್ಣ ಉಬ್ಬುಗಳ ಸಾದಾ ಹಿಡಿ. 1998ರ ಸುಮಾರಿಗೆ ಮೂರನೆಯ ತಲೆಮಾರಿನಲ್ಲಿ ಬೆರಳು ಕೂರುವ ತಗ್ಗುಗಳು ಬಂದವು. ಅವರ ಅಚ್ಚಿನ ಬೆರಳಿಗೂ ಕೊಂಡವನ ಬೆರಳಿಗೂ ತಾಳೆಯಾಗದಿದ್ದರೆ ಉಬ್ಬುಗಳೇ ಬೆರಳ ಕೆಳಗೆ ಒತ್ತುತ್ತಿದ್ದವು. ಬದಲಿಸುವ ಬೆನ್ನು ಬಂದದ್ದು 2010ರಲ್ಲಿ. ಎಫ್‌ಬಿಐ ಬೆರಳ ತಗ್ಗಿಲ್ಲದ ಪಿಸ್ತೂಲೇ ಬೇಕೆಂದ ಮೇಲೆ 2017ರ ಐದನೆಯ ತಲೆಮಾರಿನಲ್ಲಿ ತಗ್ಗುಗಳು ಮಾಯವಾದವು. ಒಳಗೂ ಇಂಥದ್ದೇ ಹೋಗಿ ಬರುವ ಆಟ. .40 ಕ್ಯಾಲಿಬರಿನ ಒದೆತ ಜೋರಾದ್ದರಿಂದ ಫ್ರೇಮಿಗೆ ಮೂರನೆಯ ಪಿನ್ನು ಸೇರಿಸಿದ್ದರು, ಅದು ಆಮೇಲೆ 9 ಎಂಎಂಗೂ ಹರಡಿತು. ಐದನೆಯ ತಲೆಮಾರಿನ 9 ಎಂಎಂನಲ್ಲಿ ಮತ್ತೆ ಎರಡೇ ಪಿನ್ನು.

ಒದೆತದ ಮಾತು ಬಂತು. ಹಗುರ ಪಿಸ್ತೂಲು ಹೆಚ್ಚು ಒದೆಯಬೇಕು, ಅದು ನ್ಯೂಟನ್ನನ ಲೆಕ್ಕ. ಪಾಲಿಮರ್ ಫ್ರೇಮ್ ಆ ಹೊತ್ತಿಗೆ ಒಂದಿಷ್ಟು ಬಾಗಿ ಬಳುಕುತ್ತದೆ. ಅತಿವೇಗದ ಕ್ಯಾಮೆರಾದಲ್ಲಿ ತೆಗೆದು ನಿಧಾನ ಓಡಿಸಿದರೆ ಮುಂಭಾಗ ಅಲೆಯಾಡುವುದು ಕಾಣುತ್ತದೆ. ಅದರಿಂದ ಪೆಟ್ಟು ಒಮ್ಮೆಲೇ ಬಾರದೆ ಹಂಚಿಕೊಂಡು ಬರುತ್ತದೆ ಎಂಬುದು ಬಳಸುವವರ ಮಾತು. ದಿನವಿಡೀ ಸೊಂಟದಲ್ಲಿ ಹೊರುವ ಪೊಲೀಸನಿಗೆ ಹಗುರವೇ ವರ. ಸ್ಪರ್ಧೆಗೆ ಗುರಿಯಿಡುವವನಿಗೆ ತೂಕವೇ ವರ. ಅದಕ್ಕೇ ಚೆಕ್ ಗಣರಾಜ್ಯದ ಸಿಝಡ್ ಕಂಪನಿಯ ಶ್ಯಾಡೊ 2, ಮೈಯೆಲ್ಲ ಉಕ್ಕು, ಸುಮಾರು 1,330 ಗ್ರಾಂ, ಸ್ಪರ್ಧೆಯ ಮೈದಾನದಲ್ಲಿ ಮೆರೆಯುತ್ತಿದೆ. ಇನ್ನೂ ತಮಾಷೆಯೆಂದರೆ ಸಿಗ್ ಸೌವರ್ ಕಂಪನಿ ಪಾಲಿಮರಿಗೆ ಟಂಗ್‌ಸ್ಟನ್ ಪುಡಿ ಬೆರೆಸಿ ಭಾರದ ಹಿಡಿ ಮಾರುತ್ತಿದೆ. ತೂಕ ಇಳಿಸಲು ತಂದ ಪ್ಲಾಸ್ಟಿಕ್ಕಿಗೆ ಉಕ್ಕಿಗಿಂತ ಭಾರದ ಲೋಹ ತುಂಬಿ ಹೆಚ್ಚು ಬೆಲೆ ಹಾಕುವ ಧೈರ್ಯ ಮೆಚ್ಚಬೇಕಾದ್ದೇ.

ಅದೇ ಸಿಗ್ ಸೌವರ್ 2007ರಲ್ಲಿ ಪಿ250 ತಂದಾಗ ಉಕ್ಕಿನ ಪ್ರಶ್ನೆಗೆ ಹೊಸ ಉತ್ತರ ಸಿಕ್ಕಿತು. ಹಳಿ, ಟ್ರಿಗರ್, ಒಳಗಿನ ಸ್ಪ್ರಿಂಗುಗಳೆಲ್ಲ ಒಂದು ಉಕ್ಕಿನ ಚೌಕಟ್ಟಿನಲ್ಲಿ. ಅಂಗೈಯಲ್ಲಿ ಮುಚ್ಚಿಡಬಹುದಾದ ಆ ಚೌಕಟ್ಟನ್ನು ಪಿಸ್ತೂಲಿನ ಒಡೆಯನೇ ಹೊರತೆಗೆದು ಬೇರೊಂದು ಪ್ಲಾಸ್ಟಿಕ್ ಹಿಡಿಗೆ ಕೂರಿಸಬಹುದು. ನೋಂದಣಿ ಸಂಖ್ಯೆ ಇರುವುದು ಚೌಕಟ್ಟಿನ ಮೇಲೆ. ಹಿಡಿಯಲ್ಲೊಂದು ಕಿಟಕಿ ಕೊರೆದು ಅದನ್ನು ಹೊರಗೆ ಕಾಣುವಂತೆ ಮಾಡಿದ್ದಾರೆ. ಪಿ250 ಮಾರುಕಟ್ಟೆಯಲ್ಲಿ ಅಷ್ಟಕ್ಕಷ್ಟೆ. 2014ರಲ್ಲಿ ಅದೇ ತತ್ವದ ಪಿ320 ಬಂತು; 2017ರ ಜನವರಿಯಲ್ಲಿ ಅಮೆರಿಕದ ಸೇನೆ ಮೂರು ದಶಕದ ಬೆರೆಟ್ಟಾ ಬಿಟ್ಟು ಅದನ್ನು ಎಂ17, ಎಂ18 ಎಂದು ಆರಿಸಿಕೊಂಡಿತು. 58 ಕೋಟಿ ಡಾಲರ್‌ವರೆಗಿನ ಗುತ್ತಿಗೆ. ಅದೇ ವರ್ಷ, ಕೆಳಗೆ ಬಿದ್ದಾಗ ಗುಂಡು ಹಾರುವ ದೋಷ ಹೊರಬಿದ್ದು ಕಂಪನಿ ಒಳಗಿನ ಭಾಗಗಳನ್ನು ಬದಲಿಸಿಕೊಡಬೇಕಾಯಿತು. ಅದು ಟ್ರಿಗರ್ ವ್ಯವಸ್ಥೆಯ ತಂಟೆ, ಪಾಲಿಮರಿನದಲ್ಲ.

ಹೀಗೆ ಗ್ಲಾಕಿನಲ್ಲಿ ಪ್ಲಾಸ್ಟಿಕ್ಕೇ ಬಂದೂಕು, ಸಿಗ್ ಪಿಸ್ತೂಲಿನಲ್ಲಿ ಪ್ಲಾಸ್ಟಿಕ್ ಬರೀ ಬಿಡಿ ಸಾಮಾನು, ಅಂಚೆಯಲ್ಲಿ ತರಿಸಿಕೊಳ್ಳಬಹುದಾದದ್ದು. ಎಂಜಿನಿಯರ್ ಉಕ್ಕನ್ನು ಎಲ್ಲಿಟ್ಟ ಎಂಬುದು ಅಮೆರಿಕದಲ್ಲಿ ಕಾನೂನಿನ ಪ್ರಶ್ನೆಯಾಗುವುದು ಹೀಗೆ. ಅರ್ಧ ಮುಗಿಸಿದ ಪಾಲಿಮರ್ ಫ್ರೇಮುಗಳನ್ನು ಸಂಖ್ಯೆಯಿಲ್ಲದೆ ಮಾರುವ ದಂಧೆ ಅಲ್ಲಿ ಬೆಳೆದಾಗ, ಎಷ್ಟು ಮುಗಿದರೆ ಅದು ಫ್ರೇಮ್ ಎಂಬ ವ್ಯಾಜ್ಯ ಎದ್ದಿತು. 2022ರಲ್ಲಿ ಸರ್ಕಾರ ನಿಯಮ ಬಿಗಿಮಾಡಿತು, 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಯುರೋಪಿನ ದೇಶಗಳು ಬ್ಯಾರೆಲ್, ಸ್ಲೈಡುಗಳನ್ನೂ ಬಂದೂಕಿನ ಮುಖ್ಯ ಅಂಗಗಳೆಂದೇ ಎಣಿಸುವುದರಿಂದ ಅಲ್ಲಿ ಈ ಗೋಜಲು ಇಷ್ಟಿಲ್ಲ. ನಮ್ಮಲ್ಲಂತೂ 1959ರ ಆರ್ಮ್ಸ್ ಆಕ್ಟ್ ಬಿಡಿಭಾಗಗಳನ್ನೂ, ತಯಾರಿಸುವ ಯಂತ್ರಗಳನ್ನೂ ಒಟ್ಟಿಗೇ ಆಯುಧದ ವ್ಯಾಖ್ಯೆಗೆ ಸೇರಿಸಿಬಿಟ್ಟಿದೆ.

ಭಾರತದಲ್ಲಿ 9 ಎಂಎಂ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ, ಆದ್ದರಿಂದ ಈ ವಿನ್ಯಾಸಗಳ ಪರಿಚಯ ಇರುವುದು ಪಡೆಗಳಿಗಷ್ಟೆ. ಎನ್‌ಎಸ್‌ಜಿ ಕಮಾಂಡೊಗಳ ಬಳಿ ಗ್ಲಾಕ್ ಇದೆ. ಸೇನೆಯಲ್ಲಿ, ಪೊಲೀಸರಲ್ಲಿ ಬಹುಕಾಲದಿಂದ ಕಾಣುವುದು ಬಂಗಾಳದ ಈಶಾಪುರ ರೈಫಲ್ ಫ್ಯಾಕ್ಟರಿಯ 9 ಎಂಎಂ ಆಟೊ. ಅದು 1935ರ ಬ್ರೌನಿಂಗ್ ಹೈ-ಪವರಿನ ಪಡಿಯಚ್ಚು, ಅಡಿಯಿಂದ ಮುಡಿವರೆಗೆ ಉಕ್ಕು. 2021ರಲ್ಲಿ ಮಹೂವಿನ ಇನ್‌ಫೆಂಟ್ರಿ ಸ್ಕೂಲ್ ಮತ್ತು ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ಸೇರಿ ತೋರಿಸಿದ ‘ಅಸ್ಮಿ’ ಮಷಿನ್ ಪಿಸ್ತೂಲು ಮಾತ್ರ ಬೇರೆ ದಾರಿಯದು. ಮೇಲಿನ ಕವಚ ವಿಮಾನ ದರ್ಜೆಯ ಅಲ್ಯುಮಿನಿಯಂ, ಕೆಳಗಿನದು ಕಾರ್ಬನ್ ಫೈಬರ್. ಟ್ರಿಗರಿನ ಭಾಗಗಳನ್ನು ಲೋಹದ ಪುಡಿಯಿಂದ ತ್ರೀಡಿ ಮುದ್ರಣದಲ್ಲಿ ತೆಗೆದರು.